ವಾಲ್ವ್ ಕೆಟ್ಟಿದೆ ಅಂದರೆ ಯಾವ ಭಾಗ ಕೆಟ್ಟಿದೆ? ಹೆಸರು ಹಿಡಿದು ದೋಷ ಹುಡುಕುವ ಕೈಪಿಡಿ

ಲಾಗ್‌ಬುಕ್ಕಿನಲ್ಲಿ "ವಾಲ್ವ್ ಲೀಕ್" ಎಂದಷ್ಟೇ ಬರೆದು ಶಿಫ್ಟ್ ಮುಗಿಸಿ ಹೋದರೆ, ಮುಂದಿನ ಶಿಫ್ಟಿನ ಫಿಟ್ಟರ್‌ಗೆ ಯಾವ ಸ್ಪ್ಯಾನರ್ ಹಿಡಿದು ಹೋಗಬೇಕೆಂಬುದೂ ತಿಳಿಯುವುದಿಲ್ಲ. ವಾಲ್ವನ್ನು ತೆರೆದು ಮುಚ್ಚುವ ದಂಡ, ಅಂದರೆ ಸ್ಪಿಂಡಲ್, ಅದರ ಸುತ್ತ ಒಸರುತ್ತಿದ್ದರೆ ಅದು ಗ್ಲ್ಯಾಂಡ್ ಲೀಕ್. ಎಷ್ಟೋ ಸಲ ಎರಡು ನಟ್ ಬಿಗಿ ಮಾಡಿದರೆ ಮುಗಿಯುತ್ತದೆ. ಬಾಡಿಗೂ ಮೇಲಿನ ಮುಚ್ಚಳಕ್ಕೂ ನಡುವೆ ಒಸರುತ್ತಿದ್ದರೆ ಬಾನೆಟ್ ಲೀಕ್. ಗ್ಯಾಸ್ಕೆಟ್ ಬದಲಿಸಲು ಲೈನ್ ನಿಲ್ಲಿಸಬೇಕಾದೀತು. ಹೊರಗೆ ಒಂದು ಹನಿಯೂ ಕಾಣದೆ, ಮುಚ್ಚಿದ ಮೇಲೂ ಆಚೆ ಕಡೆಗೆ ಹರಿಯುತ್ತಲೇ ಇದ್ದರೆ ಅದು ಪಾಸಿಂಗ್. ಅಲ್ಲಿ ಹರಿವನ್ನು ತಡೆಯುವ ಡಿಸ್ಕ್ ಕೆಟ್ಟಿರಬಹುದು, ಅದು ಒತ್ತಿ ಕೂರುವ ಸೀಟ್ ಕೆಟ್ಟಿರಬಹುದು, ಏನೂ ಕೆಡದೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆಯೂ ಇರಬಹುದು. ಮೂರಕ್ಕೂ ಸಾಮಾನು ಬೇರೆ, ಪರ್ಮಿಟ್ ಬೇರೆ, ಹಿಡಿಯುವ ಸಮಯ ಬೇರೆ. ಹಾಗಾಗಿ ಇಲ್ಲಿ ಭಾಗಗಳ ಹೆಸರನ್ನು ಸುಮ್ಮನೆ ಪಟ್ಟಿ ಮಾಡಿಲ್ಲ. ಲಕ್ಷಣ ಏನು, ಅದರ ಹಿಂದಿರುವ ಭಾಗ ಯಾವುದು, ಅದನ್ನು ಖಚಿತ ಮಾಡಿಕೊಳ್ಳುವುದು ಹೇಗೆ ಎಂಬ ದಾರಿ ಹಿಡಿದಿದ್ದೇನೆ.

ಮೊದಲು ಮೈಮೇಲಿನ ಬರಹ

ಎರಕದಲ್ಲೇ ಉಬ್ಬಿ ಬಂದಿರುವ ಅಕ್ಷರಗಳನ್ನೂ ನೇಮ್‌ಪ್ಲೇಟನ್ನೂ ವೈರ್‌ಬ್ರಷ್‌ನಿಂದ ಉಜ್ಜಿ ಓದಿ. ಬಣ್ಣ ಬಳಿದು ಮುಚ್ಚಿಹೋಗಿದ್ದರೆ ಬಣ್ಣ ಕೆರೆದೇ ಓದಬೇಕು. ಒಂದು ಪ್ಲೇಟಿನಲ್ಲಿ 6, 300, ಡಬ್ಲ್ಯುಸಿಬಿ, ಟ್ರಿಮ್ 8, ಎಪಿಐ 600 ಎಂದಿದೆ ಅಂದುಕೊಳ್ಳಿ. 6 ಎಂದರೆ ಆರಿಂಚು, ಮೆಟ್ರಿಕ್ ಅಳತೆಯಾದ ಡಿಎನ್ ಲೆಕ್ಕದಲ್ಲಿ 150. ಎಪಿಐ 600 ಎಂದರೆ ಉಕ್ಕಿನ ಗೇಟ್ ವಾಲ್ವ್‌ಗಳ ಮಾನಕ. 300 ಎಂಬುದು ಕ್ಲಾಸ್, ಅಂದರೆ ಒತ್ತಡ ತಾಳುವ ದರ್ಜೆ. ಅದನ್ನು 300 ಪಿಎಸ್‌ಐ (ಚದರಿಂಚಿಗೆ ಪೌಂಡ್) ಎಂದು ಓದುವವರು ಇನ್ನೂ ಬಹಳ ಮಂದಿ ಇದ್ದಾರೆ. ಕ್ಲಾಸ್ ತಾಳುವ ಒತ್ತಡ ಲೋಹವನ್ನೂ ಬಿಸಿಯನ್ನೂ ಅವಲಂಬಿಸಿದ್ದು, ಎಎಸ್‌ಎಂಇ ಬಿ16.34 ಮಾನಕದ ಕೋಷ್ಟಕದಲ್ಲಿ ನೋಡಬೇಕು. ಡಬ್ಲ್ಯುಸಿಬಿ, ಅಂದರೆ ಮಾಮೂಲಿ ಎರಕದ ಕಾರ್ಬನ್ ಉಕ್ಕಿನ ಬಾಡಿಯಾದರೆ ಕ್ಲಾಸ್ 300 ವಾಲ್ವ್ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ 51.1 ಬಾರ್ ತಾಳುತ್ತದೆ, 300 ಡಿಗ್ರಿಯಲ್ಲಿ 39.8 ಬಾರ್ ಮಾತ್ರ. ಕ್ಲಾಸ್ 150ರದ್ದು ಇನ್ನೂ ಕಡಿದಾದ ಇಳಿತ: 19.6 ಬಾರ್‌ನಿಂದ 10.2 ಬಾರ್‌ಗೆ. ಡಬ್ಲ್ಯುಸಿಬಿಯನ್ನು 425 ಡಿಗ್ರಿಗಿಂತ ಮೇಲೆ ಬಹುಕಾಲ ಬಳಸುವಂತಿಲ್ಲ.

ಟ್ರಿಮ್ ಎಂದರೆ ಬಾಡಿ, ಬಾನೆಟ್ ಬಿಟ್ಟು ಒಳಗೆ ದ್ರವಕ್ಕೆ ತಾಗುವ, ಸವೆಯುವ ಭಾಗಗಳು: ಸ್ಪಿಂಡಲ್, ಸೀಟಿನ ಮುಖ, ಡಿಸ್ಕ್ ಅಥವಾ ವೆಡ್ಜ್‌ನ (ಗೇಟ್ ವಾಲ್ವ್‌ನ ಬೆಣೆಯಾಕಾರದ ಬಾಗಿಲು) ಮುಖ, ಬ್ಯಾಕ್‌ಸೀಟ್. ಟ್ರಿಮ್ 8 ಆದರೆ ವೆಡ್ಜ್ ಮುಖ 13 ಪ್ರತಿಶತ ಕ್ರೋಮಿಯಂ ಉಕ್ಕಿನದು, ಸೀಟಿಗೆ ಸ್ಟೆಲ್ಲೈಟ್ ಹಾರ್ಡ್‌ಫೇಸಿಂಗ್, ಅಂದರೆ ಗಡಸು ಕೋಬಾಲ್ಟ್ ಮಿಶ್ರಲೋಹದ ಹೊದಿಕೆ. ಟ್ರಿಮ್ 5ರಲ್ಲಿ ಎರಡೂ ಮುಖಕ್ಕೆ ಸ್ಟೆಲ್ಲೈಟ್. ಬಿಡಿಭಾಗ ತರಿಸುವಾಗ ಈ ಅಂಕಿ ಬಿಟ್ಟರೆ ಹೊಂದದ ಲೋಹ ಬಂದು, ಆರು ತಿಂಗಳಲ್ಲಿ ಅದೇ ದೂರು ಮರಳುತ್ತದೆ.

ಸಣ್ಣ ಬಾಲ್ ವಾಲ್ವ್‌ಗಳ ಮೇಲೆ "1000 ಡಬ್ಲ್ಯುಒಜಿ" ಎಂದಿರುತ್ತದೆ. ನೀರು, ಎಣ್ಣೆ, ಅನಿಲಕ್ಕೆ ಮಾಮೂಲಿ ಉಷ್ಣತೆಯಲ್ಲಿ 1000 ಪಿಎಸ್‌ಐ, ಅಂದರೆ ಸುಮಾರು 69 ಬಾರ್ ಎಂದು ಅದರ ಅರ್ಥ. ಹಬೆಗೆ ಆ ಅಂಕಿ ಲಾಗುವಾಗುವುದಿಲ್ಲ. ಹಬೆ ಲೈನಿನಲ್ಲಿ ಇಂಥ ವಾಲ್ವ್ ಮತ್ತೆ ಮತ್ತೆ ಪಾಸ್ ಆಗುತ್ತಿದ್ದರೆ ದುರಸ್ತಿ ಬಿಡಿ, ಆಯ್ಕೆಯೇ ತಪ್ಪು.

ಬಾಣದ ಗುರುತನ್ನೂ ನೋಡಿ. ಗ್ಲೋಬ್ ವಾಲ್ವ್, ಎನ್‌ಆರ್‌ವಿ (ಹಿಂದಕ್ಕೆ ಹರಿಯಗೊಡದ ವಾಲ್ವ್), ಕೆಲವು ಬಟರ್‌ಫ್ಲೈ ವಾಲ್ವ್‌ಗಳಿಗೆ ದಿಕ್ಕಿದೆ. ದಿಕ್ಕು ತಿರುಗಿ ಕೂತಿದ್ದರೆ ಕೆಳಗೆ ಹೇಳಿದ ಯಾವ ಪರೀಕ್ಷೆಯೂ ಬೇಕಿಲ್ಲ.

ಮೇಲಿನಿಂದ ಕೆಳಕ್ಕೆ ಒಂದು ಗೇಟ್ ವಾಲ್ವ್

ಒಂದು ವಾಲ್ವ್‌ನ ಒಳಗನ್ನು ಸರಿಯಾಗಿ ತಿಳಿದರೆ ಉಳಿದವನ್ನು ಅದಕ್ಕೆ ಹೋಲಿಸಿಕೊಂಡು ಹೋಗಬಹುದು. ಅದಕ್ಕೆ ಏರುವ ಸ್ಪಿಂಡಲ್‌ನ ಗೇಟ್ ವಾಲ್ವೇ ಒಳ್ಳೆಯದು, ಏಕೆಂದರೆ ಅದರ ಅರ್ಧ ಭಾಗಗಳು ಹೊರಗೇ ಕಾಣುತ್ತವೆ.

ತುದಿಯಲ್ಲಿ ಹ್ಯಾಂಡ್‌ವೀಲ್. ಅದು ತಿರುಗಿಸುವುದು ಸ್ಪಿಂಡಲನ್ನಲ್ಲ, ಯೋಕ್ ನಟ್ಟನ್ನು. ಇದಕ್ಕೆ ಸ್ಟೆಮ್ ನಟ್, ಯೋಕ್ ಸ್ಲೀವ್ ಎಂಬ ಹೆಸರುಗಳೂ ಇವೆ. ನಟ್ ನಿಂತಲ್ಲೇ ತಿರುಗುತ್ತದೆ, ಚೂಡಿಯ ಬಲದಿಂದ ಸ್ಪಿಂಡಲ್ ತಿರುಗದೆ ಮೇಲೇರುತ್ತದೆ. ಇದೆಲ್ಲವನ್ನೂ ಹೊತ್ತು ನಿಂತಿರುವ ಎರಡು ಕಾಲಿನ ಚೌಕಟ್ಟೇ ಯೋಕ್. ಅದರ ಕೆಳಗೆ ಗ್ಲ್ಯಾಂಡ್ ಫ್ಲೇಂಜ್, ಅದು ಒತ್ತುವ ಗ್ಲ್ಯಾಂಡ್ ಫಾಲೋವರ್, ಫಾಲೋವರ್ ಒತ್ತುವ ಪ್ಯಾಕಿಂಗ್ ಉಂಗುರಗಳು. ಉಂಗುರಗಳು ಕೂರುವ ಗುಂಡಿ ಸ್ಟಫಿಂಗ್ ಬಾಕ್ಸ್. ಇವೆಲ್ಲ ಇರುವ ಮುಚ್ಚಳ ಬಾನೆಟ್. ಬಾನೆಟ್‌ನ ಒಳಮೈಯಲ್ಲಿ ಇಳಿಜಾರು ಅಂಚಿನ ಒಂದು ಬುಷ್ ಇದೆ, ಅದು ಬ್ಯಾಕ್‌ಸೀಟ್. ವಾಲ್ವ್ ಪೂರ್ತಿ ತೆರೆದಾಗ ಸ್ಪಿಂಡಲ್‌ನ ಭುಜ ಬಂದು ಇದಕ್ಕೆ ತಾಗುತ್ತದೆ. ಸ್ಪಿಂಡಲ್‌ನ ತಳದಲ್ಲಿ ಟಿ ಆಕಾರದ ತಲೆ, ಅದಕ್ಕೆ ಸಿಕ್ಕಿಕೊಂಡ ವೆಡ್ಜ್, ವೆಡ್ಜ್‌ನ ಎರಡೂ ಮಗ್ಗುಲಿಗೆ ಸೀಟ್ ರಿಂಗ್‌ಗಳು.

ಗ್ಲೋಬ್ ವಾಲ್ವ್‌ನಲ್ಲಿ ವೆಡ್ಜ್ ಬದಲು ಡಿಸ್ಕ್ ಅಥವಾ ಪ್ಲಗ್ ಇದ್ದು, ಮೇಲಿನಿಂದ ಒಂದೇ ಸೀಟಿನ ಮೇಲೆ ಕೂರುತ್ತದೆ. ಹರಿವಿನ ಪ್ರಮಾಣ ಹಿಡಿತದಲ್ಲಿಡಲು ಅದು ತಕ್ಕದ್ದು. ಗೇಟ್ ವಾಲ್ವ್ ಹಾಗಲ್ಲ. ಪೂರ್ತಿ ತೆರೆ, ಇಲ್ಲವೇ ಪೂರ್ತಿ ಮುಚ್ಚು. ಅರ್ಧ ತೆರೆದಿಟ್ಟರೆ ವೆಡ್ಜ್ ನಡುಗಿ ಸೀಟಿಗೆ ಬಡಿಯುತ್ತದೆ, ಕೆಳ ಅಂಚನ್ನು ಹರಿವು ಕೊರೆಯುತ್ತದೆ. ಗೇಟ್ ವಾಲ್ವ್ ಪಾಸಿಂಗ್ ಎಂಬ ದೂರು ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಇದೇ: ಯಾರಾದರೂ ಇದನ್ನು ಅರ್ಧ ತೆರೆದು ನಡೆಸುತ್ತಿದ್ದರಾ?

ಕೈ ಹಾಕುವ ಮುನ್ನ

ಲೈನ್ ಬೇರ್ಪಡಿಸಿ, ಒತ್ತಡ ಇಳಿಸಿ, ಡ್ರೇನ್ ಮಾಡಿ, ಬೀಗ ಹಾಕಿ ಟ್ಯಾಗ್ ಕಟ್ಟುವುದು ಎಲ್ಲರಿಗೂ ಗೊತ್ತಿರುವುದೇ. ವಾಲ್ವ್‌ಗೇ ವಿಶೇಷವಾದ ಮೂರು ಅಪಾಯಗಳನ್ನಷ್ಟೇ ಹೇಳುತ್ತೇನೆ. ಒಂದು, ಎರಡೂ ಕಡೆ ಗೇಜ್ ಸೊನ್ನೆ ತೋರಿಸಿದರೂ ಎರಡು ಸೀಟುಗಳ ನಡುವಿನ ಪೊಳ್ಳಿನಲ್ಲಿ, ಅಂದರೆ ಬಾಡಿ ಕ್ಯಾವಿಟಿಯಲ್ಲಿ ಒತ್ತಡ ಉಳಿದಿರಬಹುದು. ಮುಚ್ಚಿದ ಗೇಟ್ ವಾಲ್ವ್‌ನಲ್ಲೂ ಬಾಲ್ ವಾಲ್ವ್‌ನಲ್ಲೂ ಇದು ಸಾಮಾನ್ಯ. ಬಾನೆಟ್ ನಟ್‌ಗಳನ್ನು ಪೂರ್ತಿ ಬಿಚ್ಚದೆ, ಮೊದಲು ನಿಮ್ಮಿಂದ ದೂರದ ಬದಿಯವನ್ನು ಸ್ವಲ್ಪ ಸಡಿಲಿಸಿ ಜೋಡಣೆ ಬಿಡಿಸಿ. ಎರಡು, ವಾಲ್ವನ್ನು ಗಾಳಿಯ ಬಲದಿಂದ ನಡೆಸುವ, ಸ್ಪ್ರಿಂಗ್ ಇರುವ ಡಯಾಫ್ರಾಮ್ ಆಕ್ಚುಯೇಟರ್‌ನ ಕೇಸಿಂಗಿನಲ್ಲಿ ಹಲವು ಸಲ ಕೆಲವು ಬೋಲ್ಟ್‌ಗಳು ಉಳಿದವಕ್ಕಿಂತ ಉದ್ದ ಇರುತ್ತವೆ. ಅವು ಸ್ಪ್ರಿಂಗ್‌ನ ಬಲವನ್ನು ಮೆಲ್ಲಗೆ ಬಿಡಲೆಂದೇ ಇಟ್ಟವು. ಕೊನೆಗೆ, ಸರದಿಯಂತೆ ಸಡಿಲಿಸಿ. ಮೂರು, ಹಳೆಯ ಘಟಕಗಳ ಗ್ಲ್ಯಾಂಡ್ ಡೋರಿ, ಅಂದರೆ ಹಗ್ಗದಂಥ ಪ್ಯಾಕಿಂಗ್‌ನಲ್ಲೂ ಗ್ಯಾಸ್ಕೆಟ್‌ನಲ್ಲೂ ಕಲ್ನಾರು (ಆಸ್ಬೆಸ್ಟಾಸ್) ಇದ್ದೀತು. ಒಣಗಿದ್ದನ್ನು ಕೆರೆದು ಗಾಳಿಯಲ್ಲಿ ಊದಬೇಡಿ.

ಗ್ಲ್ಯಾಂಡ್ ಲೀಕ್

ಸ್ಪಿಂಡಲ್ ಗ್ಲ್ಯಾಂಡ್‌ನಿಂದ ಹೊರಬರುವ ಜಾಗವನ್ನು ಟಾರ್ಚ್ ಹಿಡಿದು ಹತ್ತಿರದಿಂದ ನೋಡಿ. ಗ್ಲ್ಯಾಂಡ್ ಫ್ಲೇಂಜ್ ಸಮತಲವಾಗಿದೆಯೇ? ಬಹಳ ಕಡೆ ಕೈಗೆ ಸುಲಭವಾಗಿ ಸಿಗುವ ನಟ್ಟನ್ನೇ ಪದೇ ಪದೇ ಬಿಗಿ ಮಾಡಿರುತ್ತಾರೆ. ಆ ಬದಿ ಮೂರು ಮಿಲಿಮೀಟರ್ ಕೆಳಗೆ ಇಳಿದಿರುತ್ತದೆ, ಫಾಲೋವರ್ ಓರೆಯಾಗಿ ಅದರ ಒಳ ಅಂಚು ಸ್ಪಿಂಡಲ್‌ಗೆ ಉಜ್ಜುತ್ತಿರುತ್ತದೆ. ಸ್ಪಿಂಡಲ್ ಮೇಲೆ ಒಂದೇ ಬದಿಗೆ ಉದ್ದುದ್ದ ಗೀರು ಇದ್ದರೆ ಕಾರಣ ಇದೇ. ಆ ಗೀರಿನ ಗುಂಟ ಒಸರು ನಿಲ್ಲುವುದೇ ಇಲ್ಲ, ಹೊಸ ಪ್ಯಾಕಿಂಗ್ ಹಾಕಿದರೂ.

ಓರೆ ಇಲ್ಲದಿದ್ದರೆ ಎರಡೂ ನಟ್‌ಗಳನ್ನು ಸರದಿಯಂತೆ, ಒಂದೊಂದು ಸಲಕ್ಕೆ ನಟ್‌ನ ಒಂದು ಮುಖದಷ್ಟೇ, ಅಂದರೆ ಆರನೇ ಒಂದು ಸುತ್ತು ಬಿಗಿ ಮಾಡಿ. ಪ್ರತಿ ಸುತ್ತಿಗೂ ಹ್ಯಾಂಡ್‌ವೀಲ್ ಸ್ವಲ್ಪ ಆಡಿಸಿ ನೋಡಿ. ಒಸರು ನಿಂತ ತಕ್ಷಣ ನೀವೂ ನಿಲ್ಲಿಸಿ. "ಇನ್ನೊಂದು ಸುತ್ತು ಇರಲಿ" ಎಂದು ಎಳೆದರೆ ಪ್ಯಾಕಿಂಗ್ ಗಟ್ಟಿಯಾಗಿ, ವಾಲ್ವ್ ಬಿಗಿಯಾಗಿ, ನಾಳೆ ತಿರುಗುತ್ತಿಲ್ಲ ಎಂಬ ಹೊಸ ದೂರು ಹುಟ್ಟುತ್ತದೆ. ಸಿಗ್ನಲ್‌ಗೆ ತಕ್ಕಂತೆ ತಾನೇ ತೆರೆದು ಮುಚ್ಚುವ ಕಂಟ್ರೋಲ್ ವಾಲ್ವ್‌ನಲ್ಲಿ ಇದರ ಪರಿಣಾಮ ಇನ್ನೂ ಕೆಟ್ಟದು, ಅದನ್ನು ಮುಂದೆ ಹೇಳಿದ್ದೇನೆ.

ನಟ್ ಬಿಗಿಯಾಗುತ್ತಿದೆ, ಒಸರು ಮಾತ್ರ ಹಾಗೇ ಇದೆ ಅನ್ನುವುದಾದರೆ ಫಾಲೋವರ್‌ನ ಕೊರಳು ಸ್ಟಫಿಂಗ್ ಬಾಕ್ಸ್‌ನ ಬಾಯಿಗೆ ತಾಗಿ ಕೂತಿದೆಯೇ ಎಂದು ನೋಡಿ. ತಾಗಿದ್ದರೆ ನೀವು ಬಿಗಿ ಮಾಡುತ್ತಿರುವುದು ಲೋಹದ ಮೇಲೆ ಲೋಹ, ಪ್ಯಾಕಿಂಗ್‌ಗೆ ಏನೂ ಮುಟ್ಟುತ್ತಿಲ್ಲ. ಉಂಗುರ ಸೇರಿಸಬೇಕು ಅಥವಾ ಎಲ್ಲವನ್ನೂ ತೆಗೆದು ಹೊಸದು ಹಾಕಬೇಕು. ತೆಗೆಯುವುದೇ ಒಳ್ಳೆಯದು, ಸುಟ್ಟು ಗಟ್ಟಿಯಾದ ಹಳೆಯ ಉಂಗುರದ ಮೇಲೆ ಹೊಸದನ್ನು ಕೂರಿಸಿದರೆ ಬಹುಕಾಲ ಬಾಳುವುದಿಲ್ಲ. ಡೋರಿಯನ್ನು ಸ್ಪಿಂಡಲ್‌ನಷ್ಟೇ ದಪ್ಪದ ಸರಳಿಗೆ ಸುತ್ತಿ 45 ಡಿಗ್ರಿ ಓರೆಯಾಗಿ ಕತ್ತರಿಸಿ. ಒಂದೊಂದೇ ಉಂಗುರವನ್ನು ತಳ ಮುಟ್ಟುವಂತೆ ಒತ್ತಿ, ಕತ್ತರಿಸಿದ ಬಾಯಿಗಳು ಒಂದರ ಕೆಳಗೊಂದು ಬಾರದಂತೆ 90 ಅಥವಾ 120 ಡಿಗ್ರಿ ತಿರುಗಿಸಿ ಕೂರಿಸಿ. ನಡುವೆ ತೂತುಗಳಿರುವ ಲೋಹದ ಬಳೆ ಬಂದರೆ ಅದು ಲ್ಯಾಂಟರ್ನ್ ರಿಂಗ್. ಬಾನೆಟ್ ಬದಿಯ ತೂತಿಗೆ ಅದು ಸರಿಯಾಗಿ ಎದುರಾಗಿರಬೇಕು. ಯಾವ ಎತ್ತರದಲ್ಲಿತ್ತೋ ಅಳತೆ ತೆಗೆದುಕೊಂಡು ಅಲ್ಲೇ ಇಡಿ.

ಟೆಫ್ಲಾನ್ ಪ್ಯಾಕಿಂಗ್‌ನ ಮಿತಿ ಸುಮಾರು 260 ಡಿಗ್ರಿ. ಅದಕ್ಕೂ ಬಿಸಿಯ ಲೈನಿಗೆ ಗ್ರಾಫೈಟ್. ಬಿಸಿ ಲೈನಿನಿಂದ ಬಿಳಿಯ, ಅಂಟಿದಂತಿರುವ ಪ್ಯಾಕಿಂಗ್ ಹೊರಬಂದರೆ ಸ್ಟೋರಿನಿಂದ ಸಿಕ್ಕಿದ್ದನ್ನು ಹಾಕಿದ್ದಾರೆ ಅಂತಲೇ ಲೆಕ್ಕ.

ಬ್ಯಾಕ್‌ಸೀಟ್ ಬಗ್ಗೆ ಒಂದು ಮಾತು. ವಾಲ್ವ್ ಪೂರ್ತಿ ತೆರೆದು ಬ್ಯಾಕ್‌ಸೀಟ್‌ಗೆ ಬಿಗಿ ಮಾಡಿದರೆ ಒತ್ತಡ ಇರುವಾಗಲೇ ಗ್ಲ್ಯಾಂಡ್ ಬದಲಿಸಬಹುದು ಎಂದು ಕೆಲವರು ಹೇಳುತ್ತಾರೆ. ಬ್ಯಾಕ್‌ಸೀಟ್ ಒಳಗೆ ಹೇಗಿದೆ ಎಂದು ಹೊರಗೆ ನಿಂತವರಿಗೆ ಕಾಣದು. ಅದನ್ನು ನಂಬಿ ಫಾಲೋವರ್ ಎತ್ತಬೇಡಿ.

ಬಾನೆಟ್ ಲೀಕ್

ಸ್ಟಡ್‌ಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ಗ್ಯಾಸ್ಕೆಟ್ ಹೋಗಿದೆ, ಮತ್ತೆ ಮತ್ತೆ ಎಳೆದು ಸ್ಟಡ್ ಕತ್ತರಿಸಬೇಡಿ. ಹೆಚ್ಚು ಒತ್ತಡದ ವಾಲ್ವ್‌ಗಳಲ್ಲಿ ಪ್ರೆಶರ್ ಸೀಲ್ ಬಾನೆಟ್ ಇರುತ್ತದೆ. ಅದರಲ್ಲಿ ಒಳಗಿನ ಒತ್ತಡವೇ ಬಾನೆಟನ್ನು ಮೇಲಕ್ಕೆ ತಳ್ಳಿ ಸೀಲ್ ರಿಂಗನ್ನು ಬಿಗಿ ಮಾಡುತ್ತದೆ. ಆದ್ದರಿಂದ ಶುರು ಮಾಡುವಾಗ ಸ್ವಲ್ಪ ಒಸರಿ, ಒತ್ತಡ ಏರಿದಂತೆ ನಿಂತುಹೋದರೆ ಹೆದರಬೇಕಿಲ್ಲ. ಬಾನೆಟನ್ನು ಮೇಲಕ್ಕೆ ಎಳೆದು ಹಿಡಿಯುವ ಬೋಲ್ಟ್‌ಗಳು ಸಡಿಲವಾಗಿವೆ ಎಂದರ್ಥ. ಒತ್ತಡ ಏರಿದಷ್ಟೂ ಒಸರು ಹೆಚ್ಚಾದರೆ ಸೀಲ್ ರಿಂಗ್ ಅಥವಾ ಬಾಡಿಯ ಒಳಮೈ ಕೊರೆದಿದೆ.

ಬಾಡಿಯ ಲೋಹದಿಂದಲೇ ಬೆವರಿದಂತೆ ಒಸರಿದರೆ ಅದು ಎರಕದ ದೋಷ ಅಥವಾ ಸವೆತ. ಅಂಥದ್ದನ್ನು ಅಲ್ಲೇ ಬೆಸುಗೆ ಹಾಕಿ ಮುಚ್ಚುವ ಯೋಚನೆ ಬೇಡ, ವಾಲ್ವ್ ಬದಲಿಸಿ.

ಪಾಸಿಂಗ್

ಹೊರಗೆ ಕಾಣದ ದೋಷವಾದ್ದರಿಂದ ಇಲ್ಲಿ ಊಹೆ ಹೆಚ್ಚು, ತಪ್ಪು ವಾಲ್ವ್ ಬಿಚ್ಚುವುದೂ ಹೆಚ್ಚು. ಸಮಾನಾಂತರದಲ್ಲಿ ಬೈಪಾಸ್ ವಾಲ್ವ್ ಇದ್ದರೆ ಮೊದಲ ಅನುಮಾನ ಅದರ ಮೇಲಿರಲಿ. ಕಂಟ್ರೋಲ್ ವಾಲ್ವ್ ಪಾಸ್ ಆಗುತ್ತಿದೆ ಎಂದು ಬಂದ ದೂರುಗಳಲ್ಲಿ ಬೈಪಾಸ್ ಪೂರ್ತಿ ಮುಚ್ಚದೆ ಉಳಿದಿದ್ದವು ಕಡಿಮೆ ಏನಲ್ಲ.

ಖಚಿತ ಮಾಡಿಕೊಳ್ಳಲು ಅತ್ಯಂತ ನೇರ ದಾರಿ ವಾಲ್ವ್‌ನ ಆಚೆಯ ಡ್ರೇನ್ ತೆರೆದು ನೋಡುವುದು. ಪೈಪಿನಲ್ಲಿ ನಿಂತಿದ್ದದ್ದು ಖಾಲಿಯಾಗಿ ನಿಂತುಹೋದರೆ ವಾಲ್ವ್ ಹಿಡಿದಿದೆ. ಹರಿಯುತ್ತಲೇ ಇದ್ದರೆ ಪಾಸಿಂಗ್. ಡ್ರೇನ್ ಇಲ್ಲದ ಕಡೆ ಆಚೆಯ ತುಂಡನ್ನು ಎರಡು ಬದಿ ಮುಚ್ಚಿ ಗೇಜ್ ಏರುತ್ತದೆಯೇ ನೋಡಬಹುದು. ಬಿಸಿ ಲೈನಿನಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು, ಆದರೆ ವಾಲ್ವ್ ಪಕ್ಕದಲ್ಲೇ ಹಿಡಿಯಬೇಡಿ. ಲೋಹದ ಮೂಲಕ ಬರುವ ಬಿಸಿ ಅಲ್ಲಿ ಮೋಸ ಮಾಡುತ್ತದೆ; ಒಂದು ಮೀಟರ್ ದೂರದಿಂದ ಶುರು ಮಾಡಿ ಎರಡು ಮೂರು ಕಡೆ ಅಳೆಯಿರಿ. ಹೊಳೆಯುವ ಅಲ್ಯೂಮಿನಿಯಂ ಹೊದಿಕೆಯ ಮೇಲೆ ಆ ಉಪಕರಣ ತಪ್ಪು ಅಂಕಿ ಕೊಡುತ್ತದೆ, ಹೊದಿಕೆ ತೆಗೆದ ಜಾಗ ಬೇಕು. ಅನಿಲ ಮತ್ತು ಹಬೆಗೆ ಅಲ್ಟ್ರಾಸಾನಿಕ್ ಶ್ರವಣ ಉಪಕರಣ ಬಹಳ ಉಪಯುಕ್ತ. ಒತ್ತಡದ ಕಡೆ, ವಾಲ್ವ್ ಬಾಡಿ, ಆಚೆ ಕಡೆ ಮೂರೂ ಕಡೆ ಕೇಳಿ. ಬಾಡಿಯ ಬಳಿ ಅಥವಾ ಅದರ ಸ್ವಲ್ಪ ಆಚೆ ಸದ್ದು ಜಾಸ್ತಿ ಇದ್ದರೆ ಸೀಟ್ ಪಾಸ್ ಆಗುತ್ತಿದೆ. ಮೂರೂ ಕಡೆ ಒಂದೇ ಸಮ ಇದ್ದರೆ ಸದ್ದು ಬೇರೆಲ್ಲಿಂದಲೋ ಪೈಪಿನಲ್ಲಿ ಹರಿದು ಬರುತ್ತಿದೆ.

ಪಾಸಿಂಗ್ ಖಚಿತವಾಯಿತು. ಹಾಗೆಂದು ಸೀಟ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ವಾಲ್ವನ್ನು ಕೆಲವು ಸುತ್ತು ತೆರೆದು, ಹರಿವು ಸೀಟನ್ನು ತೊಳೆಯಲು ಬಿಟ್ಟು, ಮತ್ತೆ ಮುಚ್ಚಿ. ವೆಲ್ಡಿಂಗ್ ಚೂರೋ ತುಕ್ಕಿನ ಪದರವೋ ಸಿಕ್ಕಿಕೊಂಡಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ. ಹ್ಯಾಂಡ್‌ವೀಲ್‌ಗೆ ಪೈಪ್ ಸಿಕ್ಕಿಸಿ ಎಳೆಯುವುದು ಮಾತ್ರ ಬೇಡ. ಆ ಚೂರನ್ನು ಸೀಟಿನೊಳಗೆ ಹೂತು, ಇಲ್ಲದ ದೋಷವನ್ನು ಶಾಶ್ವತ ಮಾಡುವ ಕೆಲಸ ಅದು.

ಮೋಟಾರ್ ಆಕ್ಚುಯೇಟರ್ ಇರುವಲ್ಲಿ ಇನ್ನೊಂದು ವಿಷಯ. ವೆಡ್ಜ್ ಇರುವ ಗೇಟ್ ವಾಲ್ವ್, ಗ್ಲೋಬ್ ವಾಲ್ವ್, ಟ್ರಿಪಲ್ ಆಫ್‌ಸೆಟ್ ಬಟರ್‌ಫ್ಲೈ ಇವು ಒತ್ತಿ ಕೂರಬೇಕಾದವು. ಮುಚ್ಚುವಾಗ ಮೋಟಾರ್, ತಿರುಚುವ ಬಲ ಮಿತಿ ಮುಟ್ಟಿದಾಗ ಕಡಿಯುವ ಟಾರ್ಕ್ ಸ್ವಿಚ್‌ನಿಂದ ನಿಲ್ಲಬೇಕು. ಬಾಲ್ ವಾಲ್ವ್, ರಬ್ಬರ್ ಲೈನರ್‌ನ ಬಟರ್‌ಫ್ಲೈ ಇವು ಜಾಗಕ್ಕೆ ಬಂದರೆ ಸಾಕು. ಲಿಮಿಟ್ ಸ್ವಿಚ್‌ನಿಂದ ನಿಲ್ಲಬೇಕು. ವೆಡ್ಜ್ ಗೇಟನ್ನು ಲಿಮಿಟ್ ಸ್ವಿಚ್‌ಗೆ ಹೊಂದಿಸಿಟ್ಟರೆ ಪ್ಯಾನೆಲ್‌ನಲ್ಲಿ "ಕ್ಲೋಸ್" ದೀಪ ಹತ್ತಿರುತ್ತದೆ, ವೆಡ್ಜ್ ಮಾತ್ರ ಸೀಟಿಗೆ ಒತ್ತಿರುವುದಿಲ್ಲ. ಕೈಯಲ್ಲಿ ಮುಚ್ಚಿದಾಗ ಪಾಸಿಂಗ್ ನಿಂತರೆ ದೋಷ ಸೆಟ್ಟಿಂಗ್‌ನದು, ಬಾನೆಟ್ ಬಿಚ್ಚುವ ಅಗತ್ಯವಿಲ್ಲ.

ಇಷ್ಟಾದ ಮೇಲೂ ನಿಲ್ಲದಿದ್ದರೆ ಬಿಚ್ಚಿ. ವೆಡ್ಜ್ ಹೊರತೆಗೆಯುವ ಮೊದಲೇ ಯಾವ ಮುಖ ಯಾವ ಸೀಟಿನ ಕಡೆ ಇತ್ತೆಂದು ಗುರುತು ಹಾಕಿ. ಎರಡು ಮುಖಗಳು ತಮ್ಮ ತಮ್ಮ ಸೀಟಿಗೆ ಹೊಂದಿಕೊಂಡಿರುತ್ತವೆ. ಸೀಟಿನ ಮುಖವನ್ನು ಒರೆಸಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಒಳ ಅಂಚಿನಿಂದ ಹೊರ ಅಂಚಿಗೆ, ಉಗುರಿಗೆ ತಗಲುವಷ್ಟು ಆಳದ, ನುಣುಪಾದ ಸಣ್ಣ ಕಾಲುವೆ ಕಂಡರೆ ಅದು ವೈರ್ ಡ್ರಾಯಿಂಗ್: ಸಂದಿಯಲ್ಲಿ ನುಗ್ಗಿದ ಹಬೆ ಅಥವಾ ದ್ರವ ಕೊರೆದದ್ದು. ಸುತ್ತು ಬಂದಿರುವ ಗೀರು ಕಸದಿಂದ ಆದದ್ದು. ಲೋಹ ಕಿತ್ತು ಒಂದು ಮುಖದಿಂದ ಇನ್ನೊಂದಕ್ಕೆ ಅಂಟಿದ್ದರೆ ಅದು ಗಾಲಿಂಗ್. ಎರಡೂ ಮುಖಕ್ಕೆ ಒಂದೇ ಗಡಸುತನದ ಲೋಹ ಇದ್ದಾಗ ಹೆಚ್ಚು.

ಉಗುರಿಗೆ ತಗಲದ ಗೀರು ಲ್ಯಾಪಿಂಗ್‌ನಲ್ಲಿ, ಅಂದರೆ ಉಜ್ಜುವ ಪೇಸ್ಟ್ ಹಚ್ಚಿ ತೇಯುವುದರಲ್ಲಿ ಹೋಗುತ್ತದೆ, ಆಳದ ಕಾಲುವೆ ಹೋಗುವುದಿಲ್ಲ. ಮಷಿನಿಂಗ್ ಅಥವಾ ಹೊಸ ಸೀಟ್ ಬೇಕು. ಲ್ಯಾಪಿಂಗ್ ಆದ ಮೇಲೆ ಒಂದು ಮುಖಕ್ಕೆ ನೀಲಿ ಬಣ್ಣ ತೆಳುವಾಗಿ ಹಚ್ಚಿ ಕೂರಿಸಿ ತೆಗೆಯಿರಿ. ಇನ್ನೊಂದು ಮುಖದ ಮೇಲೆ ಎಲ್ಲೂ ಕಡಿಯದ ಉಂಗುರ ಮೂಡಬೇಕು, ಅಗಲ ಕಡಿಮೆ ಇದ್ದರೂ ಸರಿ. ನೆನಪಿಡಿ, ಲ್ಯಾಪಿಂಗ್ ಮಾಡಿದಷ್ಟೂ ವೆಡ್ಜ್ ಕೆಳಗೆ ಇಳಿದು ಕೂರುತ್ತದೆ. ಇಳಿಯಲು ಜಾಗ ಮುಗಿದರೆ ತಳಕ್ಕೆ ತಾಗುತ್ತದೆಯೇ ಹೊರತು ಮುಚ್ಚಿಕೊಳ್ಳುವುದಿಲ್ಲ.

ತಿರುಗದ ವಾಲ್ವ್, ಸುಮ್ಮನೆ ತಿರುಗುವ ವಾಲ್ವ್

ವೀಲ್ ತಿರುಗುತ್ತದೆ, ಸ್ಪಿಂಡಲ್ ಅಲ್ಲಾಡುವುದಿಲ್ಲ: ಯೋಕ್ ನಟ್‌ನ ಚೂಡಿ ಹೋಗಿದೆ. ನಟ್ ಸಾಮಾನ್ಯವಾಗಿ ಕಂಚಿನದು. ಬಾನೆಟ್ ಮೇಲೆ, ಗ್ಲ್ಯಾಂಡ್ ಸುತ್ತ ಹೊನ್ನಿನ ಬಣ್ಣದ ಪುಡಿ ಉದುರಿದ್ದರೆ ಅದು ತಿಂಗಳುಗಳಿಂದ ಸವೆಯುತ್ತಿದ್ದ ಕುರುಹು. ಇನ್ನೂ ತಿರುಗುತ್ತಿರುವ ವಾಲ್ವ್‌ನ ಕೆಳಗೆ ಈ ಪುಡಿ ಕಂಡರೆ ಸ್ಪಿಂಡಲ್‌ನ ಚೂಡಿ ಒರೆಸಿ, ಗ್ರೀಸ್ ಹಚ್ಚಿ, ಹೊಸ ನಟ್‌ಗೆ ಆರ್ಡರ್ ಹಾಕಿ.

ಸ್ಪಿಂಡಲ್ ಎಂದಿಗಿಂತ ಹಗುರವಾಗಿ ಮೇಲೇರುತ್ತದೆ, ಹರಿವು ಬದಲಾಗುವುದಿಲ್ಲ: ಸ್ಪಿಂಡಲ್ ತಲೆ ಮುರಿದು ಅಥವಾ ಕಳಚಿ ವೆಡ್ಜ್ ಕೆಳಗೇ ಉಳಿದಿದೆ.

ಎರಡೂ ಅಲ್ಲಾಡುವುದಿಲ್ಲ ಎಂದಾಗ ಗ್ಲ್ಯಾಂಡ್ ಅತಿ ಬಿಗಿಯಾಗಿದೆಯೇ ಮೊದಲು ನೋಡಿ. ಆಮೇಲೆ ವಾಲ್ವ್ ಯಾವ ಸ್ಥಿತಿಯಲ್ಲಿ ಮುಚ್ಚಲ್ಪಟ್ಟಿತು ಎಂದು ಆಪರೇಟರನ್ನು ಕೇಳಿ. ಬಿಸಿ ಇದ್ದಾಗ ಮುಚ್ಚಿ ಆಮೇಲೆ ತಣ್ಣಗಾದ ಗಟ್ಟಿ ವೆಡ್ಜ್ ವಾಲ್ವ್‌ನಲ್ಲಿ ಬಾಡಿ ಕುಗ್ಗಿ ವೆಡ್ಜನ್ನು ಹಿಡಿದುಬಿಡುತ್ತದೆ. ಇದು ಥರ್ಮಲ್ ಬೈಂಡಿಂಗ್. ತಣ್ಣಗಿದ್ದಾಗ ಮುಚ್ಚಿ ಆಮೇಲೆ ಬಿಸಿಯಾದರೆ ಕ್ಯಾವಿಟಿಯಲ್ಲಿ ಸಿಕ್ಕಿಬಿದ್ದ ನೀರು ಹಿಗ್ಗಿ ಎರಡೂ ಸೀಟಿಗೆ ವೆಡ್ಜನ್ನು ಅದುಮುತ್ತದೆ. ಇದು ಪ್ರೆಶರ್ ಲಾಕಿಂಗ್. ಬಲ ಹಾಕಿ ಎರಡನ್ನೂ ಗೆಲ್ಲಲಾಗದು, ಸ್ಪಿಂಡಲ್ ಬಾಗುತ್ತದೆ. ಮೊದಲನೆಯದಕ್ಕೆ ಬಾಡಿ ಮೆಲ್ಲಗೆ ಬಿಸಿಯಾಗಬೇಕು, ಎರಡನೆಯದಕ್ಕೆ ಕ್ಯಾವಿಟಿಯ ಒತ್ತಡ ಇಳಿಯಬೇಕು. ಪೂರ್ತಿ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಸ್ಪಿಂಡಲ್ ಬ್ಯಾಕ್‌ಸೀಟ್‌ಗೆ ಬಿಗಿಯಾಗಿ ಕೂತಿದೆ. ತೆರೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿಡುವ ಹಳೆಯ ರೂಢಿ ಇದಕ್ಕೇ.

ಬಾಲ್ ಮತ್ತು ಬಟರ್‌ಫ್ಲೈ

ಬಾಲ್ ವಾಲ್ವ್ ಎರಡು ಬಗೆ. ಫ್ಲೋಟಿಂಗ್ ಬಗೆಯಲ್ಲಿ ಬಾಲ್‌ಗೆ ಬೇರೆ ಆಸರೆ ಇಲ್ಲ, ಒತ್ತಡ ಅದನ್ನು ಆಚೆ ಕಡೆಯ ಸೀಟಿಗೆ ತಳ್ಳಿ ಮುಚ್ಚುತ್ತದೆ. ಹಾಗಾಗಿ ಒತ್ತಡ ತೀರಾ ಕಡಿಮೆ ಇದ್ದಾಗ ಪಾಸ್ ಆಗಿ, ಹೆಚ್ಚಾದಾಗ ನಿಂತರೆ ಸೀಟ್ ಸವೆದು ಹಿಡಿತ ಸಡಿಲವಾಗಿದೆ ಎಂದು ತಿಳಿಯಿರಿ. ಟ್ರನಿಯನ್ ಬಗೆಯಲ್ಲಿ ಬಾಲ್ ಮೇಲೂ ಕೆಳಗೂ ಆಧಾರದ ಮೇಲೆ ನಿಂತಿರುತ್ತದೆ, ಸ್ಪ್ರಿಂಗ್ ಇರುವ ಸೀಟ್‌ಗಳೇ ಬಾಲ್ ಕಡೆಗೆ ಬರುತ್ತವೆ, ಮುಖ್ಯ ಹಿಡಿತ ಒತ್ತಡದ ಕಡೆಯ ಸೀಟಿನದು. ಇದರ ಬಾಡಿ ಬ್ಲೀಡ್ ತೆರೆದು ಪಾಸಿಂಗ್ ಪರೀಕ್ಷಿಸಬಹುದು: ಕ್ಯಾವಿಟಿ ಖಾಲಿಯಾಗಿ ನಿಂತರೆ ಸೀಟ್ ಸರಿ, ನಿಲ್ಲದೆ ಬಂದರೆ ಒಂದು ಸೀಟಾದರೂ ಹೋಗಿದೆ.

ಬಾಲ್ ವಾಲ್ವ್ ಪಾಸ್ ಆದಾಗ ಹಿಡಿಕೆಯನ್ನು ನಂಬಬೇಡಿ. ಹಿಡಿಕೆ ಪೈಪಿಗೆ ಅಡ್ಡ ಇದ್ದರೆ ಮುಚ್ಚಿದೆ ಎಂಬುದು ನಿಜ, ಆದರೆ ಯಾರೋ ಬಿಚ್ಚಿ ತಿರುಗಿಸಿ ಹಾಕಿರಬಹುದು. ಸ್ಪಿಂಡಲ್‌ನ ತಲೆಯ ಮೇಲಿನ ಗೆರೆ ಬಾಲ್‌ನ ತೂತಿನ ದಿಕ್ಕು ತೋರಿಸುತ್ತದೆ. ಆಕ್ಚುಯೇಟರ್ ಇದ್ದರೆ ಅದರ ಸ್ಟಾಪ್ ಬೋಲ್ಟ್ ನೋಡಿ. ಬಾಲ್ ಕೆಲವೇ ಡಿಗ್ರಿ ಕಡಿಮೆ ತಿರುಗಿದರೂ ಸಾಕು ಪಾಸ್ ಆಗಲು.

ರಬ್ಬರ್ ಲೈನರ್‌ನ ಬಟರ್‌ಫ್ಲೈ ವಾಲ್ವ್ ಹೊಸದಾಗಿ ಹಾಕಿದ ಕೂಡಲೇ ಪಾಸ್ ಆದರೆ ಅಳವಡಿಕೆಯೇ ತಪ್ಪಿರುವ ಸಂಭವ ಹೆಚ್ಚು. ಇವಕ್ಕೆ ಬೇರೆ ಗ್ಯಾಸ್ಕೆಟ್ ಬೇಡ, ಲೈನರ್‌ನ ಅಂಚೇ ಗ್ಯಾಸ್ಕೆಟ್. ಫ್ಲೇಂಜ್‌ಗಳ ನಡುವೆ ಇಳಿಸುವಾಗ ಡಿಸ್ಕ್ ಬಾಡಿಯ ಒಳಗೇ ಇರಲಿ, ಆಮೇಲೆ ಪೂರ್ತಿ ತೆರೆದು ಬೋಲ್ಟ್ ಬಿಗಿ ಮಾಡಿ. ಮುಚ್ಚಿಟ್ಟೇ ಬಿಗಿ ಮಾಡಿದರೆ ಲೈನರ್ ಡಿಸ್ಕಿನ ಮೇಲೆ ಒತ್ತಿ ಹರಿದುಹೋಗುತ್ತದೆ. ಅರ್ಧದವರೆಗೆ ಸಲೀಸಾಗಿ ತೆರೆದು ಆಮೇಲೆ ಠಕ್ಕನೆ ನಿಂತರೆ ಡಿಸ್ಕ್ ದಪ್ಪ ಪೈಪಿನ ಒಳಮೈಗೆ ಹೊಡೆಯುತ್ತಿದೆ. ಲೈನರ್ ಉಬ್ಬಿದ್ದರೆ ರಬ್ಬರ್ ಯಾವುದು ಕೇಳಿ. ಇಪಿಡಿಎಂ ನೀರಿಗೆ ಚೆನ್ನ, ಖನಿಜ ಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ.

ಕಂಟ್ರೋಲ್ ವಾಲ್ವ್ ಮಾತು ಕೇಳುತ್ತಿಲ್ಲ

ಕಂಟ್ರೋಲ್ ರೂಮಿನಿಂದ 4ರಿಂದ 20 ಮಿಲಿಆಂಪ್ ಸಿಗ್ನಲ್ ಬರುತ್ತದೆ. ಪೊಸಿಷನರ್ ಅದನ್ನು ಸ್ಪಿಂಡಲ್ ಇರುವ ಜಾಗದೊಂದಿಗೆ ಹೋಲಿಸಿ ಆಕ್ಚುಯೇಟರ್‌ಗೆ ಗಾಳಿ ಕೊಡುತ್ತದೆ ಅಥವಾ ಬಿಡುತ್ತದೆ. ಗಾಳಿ ಡಯಾಫ್ರಾಮನ್ನು ತಳ್ಳುತ್ತದೆ, ಸ್ಪ್ರಿಂಗ್ ಎದುರು ತಳ್ಳುತ್ತದೆ, ಸ್ಪಿಂಡಲ್ ಪ್ಲಗನ್ನು ಒಯ್ಯುತ್ತದೆ. ದೋಷ ಹುಡುಕುವುದು ಎಂದರೆ ಈ ಸರಪಳಿಯಲ್ಲಿ ಎಲ್ಲಿ ಕಡಿದಿದೆ ಎಂದು ನೋಡುವುದಷ್ಟೇ.

ಲೂಪ್ ಅನ್ನು, ಅಂದರೆ ತಾನಾಗಿ ನಡೆಯುವ ನಿಯಂತ್ರಣವನ್ನು, ಮ್ಯಾನುವಲ್‌ಗೆ ಹಾಕಿಸಿ 12 ಮಿಲಿಆಂಪ್ ಕೊಡಿಸಿ. ಸೂಚಕ 50 ಪ್ರತಿಶತಕ್ಕೆ ಬರಬೇಕು. ಬರದಿದ್ದರೆ ಪೊಸಿಷನರ್ ಮೇಲಿನ ಗೇಜ್‌ಗಳನ್ನು ಓದಿ. ಸಪ್ಲೈ ಗಾಳಿಯೇ ಕಡಿಮೆ ಇದ್ದರೆ ಫಿಲ್ಟರ್ ರೆಗ್ಯುಲೇಟರ್‌ನ ತಳದ ಡ್ರೇನ್ ತೆರೆಯಿರಿ, ನೀರು ಸುರಿದರೆ ಆಶ್ಚರ್ಯ ಬೇಡ. ಔಟ್‌ಪುಟ್ ಗಾಳಿ ಪೂರ್ತಿ ಇದ್ದೂ ಸ್ಪಿಂಡಲ್ ಚಲಿಸದಿದ್ದರೆ ಸ್ಪ್ರಿಂಗ್ ಬದಿಯ ವೆಂಟ್ ತೂತಿನ ಬಳಿ ಕೈ ಹಿಡಿಯಿರಿ. ಅಲ್ಲಿ ಗಾಳಿ ನಿಲ್ಲದೆ ಬರುತ್ತಿದ್ದರೆ ಡಯಾಫ್ರಾಮ್ ಹರಿದಿದೆ. ಬರುತ್ತಿಲ್ಲವಾದರೆ ಕೈಯಿಂದ ನಡೆಸುವ ಹ್ಯಾಂಡ್‌ಜ್ಯಾಕ್ ಸಿಕ್ಕಿಸಿಯೇ ಬಿಟ್ಟಿದ್ದಾರೆಯೇ ನೋಡಿ, ಆಮೇಲೆ ಗ್ಲ್ಯಾಂಡ್. ಸೂಚಕ ಸರಿಯಾಗಿ ಓಡುತ್ತಿದೆ, ಹರಿವು ಮಾತ್ರ ಬದಲಾಗುತ್ತಿಲ್ಲ ಎಂದರೆ ಪ್ಲಗ್ ಸ್ಪಿಂಡಲ್‌ನಿಂದ ಕಳಚಿದೆ, ಸಾಮಾನ್ಯವಾಗಿ ಪಿನ್ ಕತ್ತರಿಸಿ.

ಹರಿವು ಏರಿಳಿಯುತ್ತಲೇ ಇದ್ದರೆ, ಅಂದರೆ ಹಂಟಿಂಗ್, ಎಲ್ಲರೂ ಮೊದಲು ಕಂಟ್ರೋಲರ್‌ನ ಟ್ಯೂನಿಂಗ್‌ಗೆ ಕೈ ಹಾಕುತ್ತಾರೆ. ಅದಕ್ಕೆ ಮೊದಲು ಮ್ಯಾನುವಲ್‌ನಲ್ಲಿ ಸಿಗ್ನಲನ್ನು ಒಂದೊಂದು ಪ್ರತಿಶತ ಏರಿಸಿ ಸ್ಪಿಂಡಲನ್ನೇ ದಿಟ್ಟಿಸಿ. ಎರಡು ಮೂರು ಹಂತದವರೆಗೆ ಅಲುಗದೆ, ಆಮೇಲೆ ಒಮ್ಮೆಲೆ ಹಾರಿದರೆ ಅದು ಸ್ಟಿಕ್ಷನ್, ಅಂಟಿಕೊಳ್ಳುವ ಘರ್ಷಣೆ. ಬಹುಪಾಲು ಅದಕ್ಕೆ ಕಾರಣ ಯಾರೋ ಎಳೆದು ಬಿಗಿ ಮಾಡಿದ ಗ್ಲ್ಯಾಂಡ್. ಟ್ರೆಂಡ್ ಗ್ರಾಫ್‌ನಲ್ಲೂ ಗುರುತು ಸಿಗುತ್ತದೆ: ಕಂಟ್ರೋಲರ್‌ನ ಔಟ್‌ಪುಟ್ ಗರಗಸದ ಹಲ್ಲಿನಂತೆ, ಹರಿವು ಚೌಕಾಕಾರದ ಅಲೆಯಂತೆ. ಸಿಗ್ನಲ್ ಸ್ಥಿರವಿದ್ದೂ ಸ್ಪಿಂಡಲ್ ತಾನಾಗಿ ಆಡುತ್ತಿದ್ದರೆ ಪೊಸಿಷನರ್ ಅಥವಾ ಅದರ ಫೀಡ್‌ಬ್ಯಾಕ್ ಲಿಂಕ್. ಸ್ಪಿಂಡಲ್ ನಿಂತಿದ್ದೂ ಹರಿವು ಆಡುತ್ತಿದ್ದರೆ ವಾಲ್ವನ್ನು ಬಿಟ್ಟು ಪಂಪ್ ಕಡೆ ನಡೆಯಿರಿ.

ವಾಲ್ವ್‌ನೊಳಗೆ ಜಲ್ಲಿಕಲ್ಲು ಉರುಳಿದ ಸದ್ದು ಬಂದರೆ ಕ್ಯಾವಿಟೇಶನ್. ಸೀಟಿನ ಇಕ್ಕಟ್ಟಿನಲ್ಲಿ ದ್ರವದ ಒತ್ತಡ ಅದರ ಆವಿ ಒತ್ತಡಕ್ಕಿಂತ ಕೆಳಗಿಳಿದು ಗುಳ್ಳೆ ಏಳುತ್ತವೆ, ಆಚೆ ಒತ್ತಡ ಮರಳಿದಾಗ ಗುಳ್ಳೆ ಒಡೆದು ಲೋಹವನ್ನು ಕಿತ್ತುತಿನ್ನುತ್ತವೆ. ಬಿಚ್ಚಿದಾಗ ಪ್ಲಗ್‌ನ ಮೈ ಒರಟಾಗಿ, ತೂತುತೂತಾಗಿ ಇರುತ್ತದೆ. ಆಚೆಯ ಒತ್ತಡವೂ ಆವಿ ಒತ್ತಡಕ್ಕಿಂತ ಕೆಳಗೇ ಉಳಿದರೆ ಗುಳ್ಳೆ ಒಡೆಯುವುದಿಲ್ಲ, ಅದು ಫ್ಲ್ಯಾಶಿಂಗ್. ಅದರ ಸವೆತ ನುಣುಪು, ಹೊಳಪು. ಕ್ಯಾವಿಟೇಶನ್‌ಗೆ ಒತ್ತಡವನ್ನು ಹಂತಹಂತವಾಗಿ ಇಳಿಸುವ ಟ್ರಿಮ್ ಹಾಕಬಹುದು. ಫ್ಲ್ಯಾಶಿಂಗ್‌ಗೆ ಟ್ರಿಮ್ ಬದಲಿಸಿ ಉಪಯೋಗವಿಲ್ಲ, ಗಡಸು ಲೋಹವೂ ವಾಲ್ವ್‌ನ ಜಾಗ ಬದಲಿಸುವುದೂ ಮಾತ್ರ ದಾರಿ.

ಸಿವಿ ಎಂಬ ಅಂಕಿಯೂ ಇಲ್ಲೇ ಎದುರಾಗುತ್ತದೆ. 1 ಪಿಎಸ್‌ಐ ಒತ್ತಡದ ವ್ಯತ್ಯಾಸದಲ್ಲಿ ನಿಮಿಷಕ್ಕೆ ಎಷ್ಟು ಅಮೆರಿಕನ್ ಗ್ಯಾಲನ್ ನೀರು ಹರಿಯುತ್ತದೆ ಎಂಬುದು ಸಿವಿ; 1 ಬಾರ್‌ಗೆ ಗಂಟೆಗೆ ಎಷ್ಟು ಘನಮೀಟರ್ ಎಂಬುದು ಕೆವಿ. ಸಿವಿಯನ್ನು 0.865ರಿಂದ ಗುಣಿಸಿದರೆ ಕೆವಿ. ವಾಲ್ವ್ ಸದಾ 10 ಪ್ರತಿಶತದ ಒಳಗೇ ಓಡುತ್ತಿದ್ದರೆ ಸಿವಿ ಅತಿಯಾಯಿತು, ಪ್ಲಗ್ ಸೀಟಿನ ಹತ್ತಿರವೇ ಆಡಿ ಸೀಟ್ ಕೊರೆಯುತ್ತದೆ.

ಎನ್‌ಆರ್‌ವಿ, ಸೇಫ್ಟಿ ವಾಲ್ವ್

ಪಂಪ್ ನಿಲ್ಲಿಸಿದಾಗ ಶಾಫ್ಟ್ ಹಿಂದಕ್ಕೆ ತಿರುಗಿದರೆ ಎನ್‌ಆರ್‌ವಿ ಪಾಸ್ ಆಗುತ್ತಿದೆ. ಇದಕ್ಕಿಂತ ಸುಲಭ ಪರೀಕ್ಷೆ ಇಲ್ಲ. ನಿಲ್ಲಿಸಿದಾಗ ದಢಾರನೆ ಬಡಿದರೆ ಡಿಸ್ಕ್ ತಡವಾಗಿ ಮುಚ್ಚುತ್ತಿದೆ. ಹರಿವಿರುವಾಗ ಟಕಟಕ ಅನ್ನುತ್ತಿದ್ದರೆ ಡಿಸ್ಕನ್ನು ಪೂರ್ತಿ ಎತ್ತುವಷ್ಟು ಹರಿವಿಲ್ಲ, ಅಂದರೆ ವಾಲ್ವ್ ದೊಡ್ಡದಾಯಿತು, ಅಥವಾ ಬೆಂಡ್‌ಗೆ ತೀರಾ ಹತ್ತಿರ ಕೂತಿದೆ. ಹಿಂಜ್ ಪಿನ್ ಸವೆಯುವುದು ಹೀಗೆ.

ಸೇಫ್ಟಿ ವಾಲ್ವ್‌ನಲ್ಲಿ ಸೆಟ್ ಪ್ರೆಶರ್, ಅಂದರೆ ಅದು ಹಾರಿ ತೆರೆಯುವ ಒತ್ತಡ, 10 ಬಾರ್ ಇದ್ದು, ಹಾರಿದ ಮೇಲೆ 9.3 ಬಾರ್‌ಗೆ ಮುಚ್ಚಿದರೆ ಬ್ಲೋಡೌನ್ 7 ಪ್ರತಿಶತ. ಹಾರುವ ಮೊದಲೇ ಸಣ್ಣಗೆ ಸೋರಿದರೆ ಸಿಮ್ಮರ್: ನಡೆಸುವ ಒತ್ತಡ ಸೆಟ್‌ಗೆ ತೀರಾ ಹತ್ತಿರ ಇದೆ ಅಥವಾ ಸೀಟಿಗೆ ಪೆಟ್ಟಾಗಿದೆ. ಬಡಬಡನೆ ತೆರೆದು ಮುಚ್ಚಿದರೆ ಚ್ಯಾಟರ್: ವಾಲ್ವ್ ಅಗತ್ಯಕ್ಕಿಂತ ದೊಡ್ಡದಿದೆ ಅಥವಾ ಒಳಬರುವ ಪೈಪಿನಲ್ಲಿ ಒತ್ತಡ ನಷ್ಟವಾಗುತ್ತಿದೆ. ಆ ನಷ್ಟ ಸೆಟ್ ಪ್ರೆಶರ್‌ನ 3 ಪ್ರತಿಶತ ಮೀರಬಾರದೆಂಬುದು ಎಪಿಐ 520ರ ಮಾರ್ಗಸೂಚಿ. ಸೀಲ್ ಮಾಡಿದ ತಂತಿ ಕತ್ತರಿಸಿ ಸೆಟ್ಟಿಂಗ್ ಸ್ಕ್ರೂ ತಿರುಗಿಸುವ ಕೆಲಸ ಪರೀಕ್ಷಾ ಬೆಂಚಿನವರದು, ಲೈನಿನ ಬಳಿ ನಿಂತವರದ್ದಲ್ಲ.

ಕಟ್ಟಿದ ಮೇಲೆ

ದುರಸ್ತಿಯಾದ ವಾಲ್ವನ್ನು ಎಪಿಐ 598 ಪ್ರಕಾರ ಪರೀಕ್ಷಿಸುವುದು ಸಾಮಾನ್ಯ: ಬಾಡಿಗೆ ರೇಟಿಂಗ್‌ನ 1.5 ಪಟ್ಟು, ಸೀಟಿಗೆ 1.1 ಪಟ್ಟು, ಜೊತೆಗೆ 4ರಿಂದ 7 ಬಾರ್ ಗಾಳಿಯಲ್ಲಿ ಕಡಿಮೆ ಒತ್ತಡದ ಸೀಟ್ ಪರೀಕ್ಷೆ. ಹೆಚ್ಚಿನ ಒತ್ತಡದಲ್ಲಿ ಗೆದ್ದು ಗಾಳಿಯಲ್ಲಿ ಸೋಲುವ ವಾಲ್ವ್‌ಗಳು ಬಹಳ, ಅದನ್ನು ತಪ್ಪಿಸಬೇಡಿ. ಮೃದು ಸೀಟಿನಲ್ಲಿ ಒಂದು ಗುಳ್ಳೆಯೂ ಬರಬಾರದು. ಲೋಹದ ಸೀಟಿನ ಆರಿಂಚಿನ ಗೇಟ್ ವಾಲ್ವ್‌ಗೆ ನಿಮಿಷಕ್ಕೆ 12 ಹನಿ ನೀರಿನವರೆಗೆ ಮಾನಕವೇ ಒಪ್ಪುತ್ತದೆ. ಎನ್‌ಆರ್‌ವಿಗೆ ಇಂಚಿಗೆ ನಿಮಿಷಕ್ಕೆ 3 ಮಿಲಿಲೀಟರ್. ಕಂಟ್ರೋಲ್ ವಾಲ್ವ್‌ಗೆ ಬೇರೆ ಅಳತೆ. ಸೋರಿಕೆಯ ದರ್ಜೆ ಕ್ಲಾಸ್ 4 ಎಂದಿದ್ದರೆ ಪೂರ್ತಿ ಸಾಮರ್ಥ್ಯದ 0.01 ಪ್ರತಿಶತ ಸೋರಬಹುದು. ಅಂಥ ವಾಲ್ವ್ ಹನಿ ಬಿಟ್ಟಿತೆಂದು ಮತ್ತೆ ಬಿಚ್ಚುವುದು ವ್ಯರ್ಥ. ಹನಿಯೂ ಬೇಡವೆಂದಾದರೆ ಪಕ್ಕದಲ್ಲಿ ಬೇರೆ ಮುಚ್ಚುವ ವಾಲ್ವ್ ಹಾಕಬೇಕು. ಸ್ಟೇನ್‌ಲೆಸ್ ಬಾಡಿಯಾದರೆ ಪರೀಕ್ಷೆಗೆ ಕ್ಲೋರೈಡ್ ಕಡಿಮೆ ಇರುವ ನೀರನ್ನೇ ಬಳಸಿ, ಮುಗಿದ ಕೂಡಲೇ ಕ್ಯಾವಿಟಿ ಸಮೇತ ಬಸಿದು ಗಾಳಿಯಲ್ಲಿ ಒಣಗಿಸಿ, ಎರಡೂ ಬಾಯಿಗೆ ಮುಚ್ಚಳ ಹಾಕಿಡಿ.